ಬಟ್ಟೊತ್ತುವ ಮುಂಚೆ

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕೊಳಕೂರಿನ ನಮ್ಮ ಕೇರಿಗೆ ಗೊತ್ತಿದ್ದುದು ಸಾವುಕಾರನ ಬಡ್ಡಿ ಒಂದೇ. ಅಂಥ ಕೇರಿಯಿಂದ ಹೋಗಿ ನಾವು ಬ್ಯಾಂಕಿನ ಗುಮಾಸ್ತರಾದೆವು. 'ಮೀಸಲಾತಿ ಮಂದಿ, ಲೆಕ್ಕ ಬರಂಗಿಲ್ಲ' ಅಂದರು. ರಾತ್ರಿ ಕುಂತು ಓದಿ ಸಿಎಐಐಬಿ ಪಾಸಾದೆವು. ಬಡ್ತಿ ಮಾತ್ರ ಎರಡು ಸಲ ತಪ್ಪಿತು. ಲೆಡ್ಜರು ಹೋಗಿ ಕಂಪ್ಯೂಟರು ಬಂದಾಗ ಮಕ್ಕಳ ವಯಸ್ಸಿನವರ ಪಕ್ಕ ಕುಂತು ಮತ್ತೆ ಅಕ್ಷರಾಭ್ಯಾಸ. ಅದೇ ಬ್ಯಾಂಕಿನಲ್ಲಿ 35 ವರ್ಷ ಸವೆಸಿದೆವು, ಮ್ಯಾನೇಜರೂ ಆದೆವು.

ಆದರೆ ಸಾಲದ ಕಾಗದ ಓದೋದು ಕಲಿಸಿದಾಕಿ ನಮ್ಮೂರ ಮುದುಕಿ. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಾಕಿ ಕೈ ತಡೆದು ಕೇಳಿದಳು: 'ಯಪ್ಪಾ, ಇದ್ರಾಗ ಏನ್ ಬರ್ದಾರ?' ಎಲ್ಲ ಇಂಗ್ಲಿಷು. ಇಷ್ಟು ವರ್ಷ ಅಂಥ ಕಾಗದಕ್ಕೆ ಸಹಿ ಹಾಕಿದ ನಾವೂ ಪೂರ್ತಿ ಓದಿರಲಿಲ್ಲ. ಅವತ್ತು ಒಂದೊಂದೇ ಸಾಲು ಕನ್ನಡದಾಗ ಹೇಳಿದೆವು.

'ತೊಗರಿ ಹೊಲ ಹೋಗಂಗಿಲ್ಲಲ್ಲ?'

'ಕಟ್ಟದಿದ್ದರ ಹೋಗ್ತದವ್ವಾ.'

ಆಕಿ ಮಸಿ ಸೆರಗಿಗೆ ಒರೆಸಿಕೊಂಡು ಎದ್ದಳು.