ನೂರಕ್ಕೆ ಎಂಬತ್ತು

ಮ್ಯಾರಥಾನಿನ 42 ಕಿಲೋಮೀಟರಿಗಿಂತ ಉದ್ದದ ಓಟಕ್ಕೆ ಅಲ್ಟ್ರಾ ಎನ್ನುತ್ತಾರೆ. ಬನಶಂಕರಿಯಾಚೆಯ ತುರಹಳ್ಳಿ ಕಾಡಿನಲ್ಲಿ ಹತ್ತಿಳಿದು ಅಭ್ಯಾಸ ಮಾಡಿ, 2019ರಲ್ಲಿ ಚಿಕ್ಕಮಗಳೂರಿನ ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರಿಗೆ ಹೆಸರು ಕೊಟ್ಟೆ. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂದರು ನಮ್ಮ ಮನೆಯವರು. ಮೊಣಕಾಲಿನ ಎಣ್ಣೆಯನ್ನು ಚೀಲಕ್ಕೆ ಹಾಕಿದವರೂ ಅವರೇ.

ಕಾಫಿ ತೋಟದ ಕೆಸರು, ಇಂಬಳ, ಮುಗಿಯದ ಏರು. ಏರಿನಲ್ಲಿ ಹುಡುಗರೂ ನಡೆಯುವುದನ್ನು ಕಂಡು ಧೈರ್ಯ ಬಂತು. ಆದರೆ ಇಳಿಜಾರಿನಲ್ಲಿ ಮೊಣಕಾಲು ಕೈಕೊಟ್ಟಿತು. 40ನೇ ಕಿಲೋಮೀಟರು ಮುಟ್ಟುವಾಗ ಗಡುವು ಮೀರಿತ್ತು. "ಸಾಕು ಆಂಟಿ, ಕೂತ್ಕೊಳ್ಳಿ" ಎಂದು ಹುಡುಗನೊಬ್ಬ ನನ್ನ ನಂಬರಿನ ಮೇಲೆ ಗೀಟು ಎಳೆದ.

ಐವತ್ತಕ್ಕೆ ನಲವತ್ತು ಎಂದರೆ ನಮ್ಮ ಶಾಲೆಯ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು! ಆದರೂ ನಪಾಸು. ಇಷ್ಟು ವರ್ಷ ಕೆಂಪು ಶಾಯಿಯಲ್ಲಿ ನಾನೆಳೆದ ಗೀಟುಗಳೆಲ್ಲ ನೆನಪಾದವು. ಈಗ 33 ಅಂಕ ತೆಗೆದ ಮಗುವನ್ನು ಹತ್ತಿರ ಕರೆದು, "ಎಲ್ಲಿಯವರೆಗೆ ಬಂದೆ, ಹೇಳು" ಎನ್ನುತ್ತೇನೆ.