ಚಾರ್ಮಾಡಿ ಘಾಟಿಯಲ್ಲಿ ಕಾರಿನ ಕರೆಂಟು

ಮೂಡಿಗೆರೆ ಬಿಟ್ಟು, ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದಿರೆಂದರೆ ಕಾರು ತಾನಾಗಿಯೇ ನಿಲ್ಲುತ್ತದೆ. ಇಲ್ಲಿನ ನೀರುದೋಸೆ ತಿನ್ನದೆ ಧರ್ಮಸ್ಥಳಕ್ಕೆ ಇಳಿದವರುಂಟೇ! ಕೈ ತೊಳೆದು ಹೊರಟರೆ ಮುಂದೆ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ತಿರುವಿಗೊಂದು ಝರಿ. ಮಂಜು ಕವಿದರಂತೂ ಎದುರಿನ ಲಾರಿಯೂ ಕಾಣದು.

ಕಣ್ಣಿಗೆ ಹಬ್ಬವೇನೋ ಸರಿ, ಆದರೆ ಜೊತೆಯಲ್ಲಿ ದಮ್ಮಿನ ಕಾಯಿಲೆಯ ಅತ್ತೆಯವರಿದ್ದರೆ? ಥಂಡಿಗೆ ಎದೆ ಕಟ್ಟುವುದೂ ಇಲ್ಲಿಯೇ. ನೆಬ್ಯುಲೈಸರ್ ನಡೆಸಲೆಂದೇ ಕಾರಿನ 12 ವೋಲ್ಟನ್ನು ಮನೆಯ 230 ವೋಲ್ಟ್ ಮಾಡಿಕೊಡುವ ಇನ್‌ವರ್ಟರ್ ತಂದಿರುತ್ತೀರಿ. ಅದು 'ಕುಂಯ್' ಎಂದು ಕೂಗಿ ಆರಿಹೋದರೆ ಗಾಬರಿಯಾಗಬೇಡಿ. ಯಜಮಾನರು ಬಾನೆಟ್ ಎತ್ತುವ ಮುಂಚೆ ನೀವೇ ನೋಡಿ.

ಎಂಜಿನ್ ನಿಲ್ಲಿಸಿದ್ದಾರಾ? ಬ್ಯಾಟರಿ ಸೊರಗಿದರೆ ಪೆಟ್ಟಿಗೆ ಹೀಗೇ ಕೂಗುತ್ತದೆ. ಪ್ಲಗ್ ಕಿತ್ತಿಟ್ಟು ಗಾಡಿ ಸ್ಟಾರ್ಟ್ ಮಾಡಿಸಿ, ಆಮೇಲೆ ಹಾಕಿ. ದೀಪವೇ ಹತ್ತದಿದ್ದರೆ ಲೈಟರ್ ತೂತಿನಲ್ಲಿ ಪ್ಲಗ್ ಸಡಿಲವಾಗಿರಬಹುದು, ಸ್ವಲ್ಪ ತಿರುಗಿಸಿ ಒತ್ತಿ. ಮಕ್ಕಳು ಅದರೊಳಗೆ ನಾಣ್ಯ ತುರುಕಿದ್ದರೆ ಫ್ಯೂಸು ಹೋಗಿರುತ್ತದೆ. ಬದಲಿಗೆ ಅಷ್ಟೇ ಆಂಪಿಯರಿನದು ಹಾಕಬೇಕು. ದೊಡ್ಡದು ಹಾಕಿದರೆ ಫ್ಯೂಸು ಉಳಿದು ತಂತಿ ಸುಡುತ್ತದೆ. ಪೆಟ್ಟಿಗೆ ಕೆಂಡದಂತೆ ಕಾದಿದ್ದರೆ ಮೇಲೆ ಹೊದಿಸಿದ ಶಾಲು ತೆಗೆದು ಗಾಳಿಯಾಡಲು ಬಿಡಿ. ಒದ್ದೆ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಮನೆಯ ಕರೆಂಟಿನಷ್ಟೇ ಹೊಡೆಯುತ್ತದೆ.

ಲೆಕ್ಕ ಸುಲಭ. ವ್ಯಾಟನ್ನು 12ರಿಂದ ಭಾಗಿಸಿ. 120 ವ್ಯಾಟಿನ ಯಂತ್ರಕ್ಕೆ 10 ಆಂಪಿಯರ್, ಪೆಟ್ಟಿಗೆ ತಾನು ತಿನ್ನುವುದು ಬೇರೆ. ಮೋಟಾರು ಹೊರಡುವ ಕ್ಷಣದಲ್ಲಿ ಕೆಲವು ಪಟ್ಟು ಹೆಚ್ಚೇ ಎಳೆಯುತ್ತದೆ. ಅಂಗಡಿಯವರು 'ಇದು ಸಾಕಮ್ಮಾ' ಅಂದರೂ ಒಂದು ಮೆಟ್ಟಿಲು ದೊಡ್ಡದನ್ನೇ ಕೊಳ್ಳಿ. ಅಗ್ಗದವುಗಳ ಕರೆಂಟಿನಲ್ಲಿ ಮೋಟಾರು ಗೊರಗುಟ್ಟಿ ಬಿಸಿಯೇರುತ್ತದೆ. ಔಷಧಿಯ ಯಂತ್ರಕ್ಕೆ ಪ್ಯೂರ್ ಸೈನ್‌ವೇವ್ ಎಂದು ಬರೆದದ್ದೇ ಕ್ಷೇಮ. ಅದಕ್ಕೆ ನೀರು ಕಾಯಿಸುವ ಕೆಟಲ್ ಚುಚ್ಚುವ ಆಸೆ ಬೇಡ. ಕೆಟಲ್ 1500 ವ್ಯಾಟ್ ಆದರೆ 125 ಆಂಪಿಯರ್ ಆಯಿತಲ್ಲ! ಕಾಫಿ ಫ್ಲಾಸ್ಕಿನಲ್ಲೇ ಬರಲಿ.

ಇಷ್ಟಾದರೂ ಯಂತ್ರವನ್ನೇ ನಂಬಿ ಕೂರುವ ಜಾಗ ಇದಲ್ಲ. ಹೊರಡುವ ಮುಂಚೆ ಡಾಕ್ಟರನ್ನು ಕೇಳಿ, ಬಾಯಿಗೆ ಹೊಡೆದುಕೊಳ್ಳುವ ಇನ್‌ಹೇಲರನ್ನು ಅತ್ತೆಯವರ ಕೈಚೀಲದಲ್ಲೇ ಇಡಿ, ಡಿಕ್ಕಿಯಲ್ಲಲ್ಲ. ಉಸಿರು ಹಗುರಾಗದಿದ್ದರೆ ಅಣ್ಣಪ್ಪಸ್ವಾಮಿಗೆ ಕಾರಿನಿಂದಲೇ ಕೈಮುಗಿದು ನೇರ ಉಜಿರೆಗೆ ಇಳಿಯಿರಿ. ಅಲ್ಲಿ ಆಸ್ಪತ್ರೆ ಉಂಟು.