ಕಾಕಾ ತೆಗೆದ ಹನ್ನೊಂದು ಕ್ಯಾಸೆಟ್

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ಮನೆ, ಟ್ರಾಫಿಕ್ಕು... ನೆಪಕ್ಕೇನು ಬರ? ಆದರೆ ಹೋದ ತಿಂಗಳು ಊರಿಗೆ ಹೋಗಿಬಂದ ಮೇಲೆ ಇದೊಂದನ್ನು ಬರೆಯದಿದ್ದರೆ ಸಮಾಧಾನ ಇಲ್ಲ ಅನಿಸಿತು. ಸ್ವಲ್ಪ ಉದ್ದ ಆಗಬಹುದು. ಸಾವಕಾಶ ಓದಿ.

ನಮ್ಮೂರು ಸಿಂಧನೂರು. ನಮ್ಮ ಕಾಕಾ, ಅಂದರೆ ಅಪ್ಪನ ಕೊನೆಯ ತಮ್ಮ, ಮದುವೆಯಾದ ಮೇಲೆ ಮಸ್ಕಿಯಲ್ಲಿ ಮನೆ ಮಾಡಿದ್ದ. ತಬಲಾ ನುಡಿಸುತ್ತಿದ್ದ. ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ. ಊರಲ್ಲಿ ಭಜನೆ ಇರಲಿ, ಪುರಾಣ ಇರಲಿ, ಜಾತ್ರೆಗೆ ಬಂದ ನಾಟಕ ಕಂಪನಿಯ ತಬಲಜಿಗೆ ಜ್ವರ ಬಂದಿರಲಿ, ಕಾಕಾನಿಗೆ ಕರೆ ಬರುತ್ತಿತ್ತು. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲೂ ಎಷ್ಟೋ ಸಲ ನುಡಿಸಿದ್ದ. ಹಾಗೇ ನುಡಿಸುತ್ತ ನುಡಿಸುತ್ತ ಒಬ್ಬ ದೊಡ್ಡ ಗಾಯಕರ ಕಣ್ಣಿಗೆ ಬಿದ್ದ. ಬಹಳ ದೊಡ್ಡವರು, ನೀವೆಲ್ಲ ಅವರ ಹಾಡು ಕೇಳಿಯೇ ಇರುತ್ತೀರಿ. ಅವರ ಮನೆಯವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ, ಅದಕ್ಕೇ ಬುವಾ ಅಂತಷ್ಟೇ ಕರೆಯುತ್ತೇನೆ.

1994ರಲ್ಲಿ ಬುವಾ ಎರಡು ತಿಂಗಳು ವಿದೇಶ ಪ್ರವಾಸ ಹೊರಟರು. ಮೊದಲು ಅಮೆರಿಕ, ಆಮೇಲೆ ಕೆನಡಾ, ಬರುವಾಗ ಇಂಗ್ಲೆಂಡು, ಹಾಲೆಂಡು, ಜರ್ಮನಿ. ಸಾಥ್ ಕೊಡಲು ಕಾಕಾನನ್ನು ಕರೆದುಕೊಂಡು ಹೋದರು. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಬೀಳ್ಕೊಡಲು ಇಡೀ ಓಣಿಯೇ ಬಂದಿತ್ತು. ಚಿಗವ್ವ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ ಕಟ್ಟಿಕೊಟ್ಟಿದ್ದಳು. ತಂಗಿ, ಅಂದರೆ ಕಾಕಾನ ಮಗಳು, ಆಗ ಮೂರು ವರ್ಷದವಳು.

ಅಮೆರಿಕದಲ್ಲಿ ಇಳಿದ ಮೊದಲ ವಾರವೇ ಕಾಕಾ ಕೈಗೆ ಸಿಕ್ಕ ಸಂಭಾವನೆಯಲ್ಲಿ ಒಂದು ಸೋನಿ ಹ್ಯಾಂಡಿಕ್ಯಾಮ್ ಕೊಂಡುಬಿಟ್ಟ! ಎಂಟು ಮಿಲಿಮೀಟರ್ ಟೇಪಿನದು. ಚಿಗವ್ವ ಬಂಗಾರದ ಬಳೆ ನಿರೀಕ್ಷೆ ಮಾಡಿದ್ದಳು. ಕ್ಯಾಮೆರಾ ನೋಡಿ ಎಂಟು ದಿನ ಮಾತಾಡಿರಲಿಲ್ಲವಂತೆ.

ಸಮಸ್ಯೆ ಅಷ್ಟೇ ಅಲ್ಲ. ಊರಿಗೆ ಬಂದು ಕ್ಯಾಮೆರಾವನ್ನು ಟಿವಿಗೆ ಜೋಡಿಸಿದರೆ ಚಿತ್ರ ಗರಗರ ತಿರುಗುತ್ತಿತ್ತು, ಬಣ್ಣವೂ ಇಲ್ಲ. ಅಮೆರಿಕದ ಕ್ಯಾಮೆರಾ ಎನ್‌ಟಿಎಸ್‌ಸಿ ಪದ್ಧತಿಯದು: 525 ಗೆರೆ, ಸೆಕೆಂಡಿಗೆ 30 ಚಿತ್ರ. ನಮ್ಮ ಟಿವಿ ಪಾಲ್ ಪದ್ಧತಿಯದು: 625 ಗೆರೆ, ಸೆಕೆಂಡಿಗೆ 25 ಚಿತ್ರ. ಒಂದಕ್ಕೊಂದು ತಾಳ ಕೂಡುವುದಿಲ್ಲ. ಇದು ನನಗೆ ಈಗ ಗೊತ್ತು. ಆಗ ಸಿಂಧನೂರಿನ ವಿಡಿಯೋ ಅಂಗಡಿಯವನು ನೋಡಿ, “ಕ್ಯಾಸೆಟ್ ಖರಾಬ್ ಆಗ್ಯಾವ ಬಿಡ್ರಿ” ಅಂದ. ಮನೆಯವರೆಲ್ಲ ನಂಬಿದೆವು. ಕಾಕಾ ಒಬ್ಬ ನಂಬಲಿಲ್ಲ. ಕ್ಯಾಮೆರಾದ ಸಣ್ಣ ಕಿಂಡಿಗೆ ಒಂದು ಕಣ್ಣು ಹಚ್ಚಿ ಕೂತರೆ ಅವನಿಗೆ ಎಲ್ಲ ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿಕೊಂಡು, ತಾನೊಬ್ಬನೇ ನಗುತ್ತಿದ್ದ. ನಾವು “ಏನು ಕಾಕಾ?” ಅಂದರೆ “ಬುವಾ ಉಪ್ಪಿಟ್ಟು ಮಾಡಾಕ ಹತ್ಯಾರ ನೋಡು” ಅನ್ನುತ್ತಿದ್ದ. ನಾವು ಕಣ್ಣು ಹಚ್ಚುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಕೆಲವು ವರ್ಷಕ್ಕೆ ಬ್ಯಾಟರಿ ಸತ್ತಿತು. ಹನ್ನೊಂದು ಕ್ಯಾಸೆಟ್ ಟ್ರಂಕು ಸೇರಿದವು.

ಬುವಾ ತೀರಿಕೊಂಡರು. 2016ರಲ್ಲಿ ಕಾಕಾನೂ ಹೋದ.

ಈಗ ಯಾರೋ ಬುವಾ ಅವರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ. ಹೇಗೋ ಸುದ್ದಿ ತಿಳಿದು ತಂಗಿಗೆ ಫೋನ್ ಮಾಡಿದರು. ಟೇಪು ಬೇಕು, ದುಡ್ಡೂ ಕೊಡುತ್ತೇವೆ. ತಂಗಿ ಲಿಂಗಸುಗೂರಿನಲ್ಲಿ ಶಾಲೆ ಟೀಚರು. ನನಗೆ ಫೋನ್ ಮಾಡಿ, “ಅಣ್ಣಾ, ಕೊಡೋದು ಬಿಡೋದು ಆಮ್ಯಾಲ. ಮೊದ್ಲು ನಾ ನೋಡಬೇಕು. ಅಪ್ಪ ಹ್ಯಾಂಗ ಓಡಾಡತಿದ್ದ, ಹ್ಯಾಂಗ ಮಾತಾಡತಿದ್ದ ಅಂತ ನನ್ನ ಹತ್ರ ಒಂದು ವಿಡಿಯೋನೂ ಇಲ್ಲ” ಅಂದಳು.

ಸರಿ, ನಾನು ಕ್ಯಾಸೆಟ್ಟುಗಳನ್ನು ಬೆಂಗಳೂರಿಗೆ ತಂದೆ. ಮೊದಲು ಕೊಟ್ಟ ಅಂಗಡಿಯವನು ಒಂದು ಟೇಪನ್ನು ಮಷಿನ್ನಿಗೆ ಸಿಕ್ಕಿಸಿ ಸುಕ್ಕು ಮಾಡಿಬಿಟ್ಟ. ಎದೆ ಧಸಕ್ಕೆಂದಿತು. ಎರಡನೆಯವನು ಪುಣ್ಯಾತ್ಮ. ಅದೇ ಕಾಲದ ಹಳೇ ಹ್ಯಾಂಡಿಕ್ಯಾಮ್ ಇಟ್ಟುಕೊಂಡಿದ್ದ. ಟೇಪಿಗೆ ಹಿಡಿದಿದ್ದ ಬೂಷ್ಟು ಒರೆಸಿ, ನಿಧಾನಕ್ಕೆ ಸುತ್ತಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಟ್ಟ. ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ನನಗೆ ಹಿಂದೆ ನೋಡಿದ್ದ ಒಂದು ಸಿನಿಮಾ ಪದೇ ಪದೇ ನೆನಪಾಗುತ್ತಿತ್ತು. ಇಂಗ್ಲಿಷ್ ಹಾಡು ಕೇಳುವವರಿಗೆ ‘ದ ಪೊಲೀಸ್’ ಅನ್ನುವ ಬ್ಯಾಂಡು ಗೊತ್ತಿರುತ್ತದೆ. 1977ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಹಾಡುವವನು ಸ್ಟಿಂಗ್, ಗಿಟಾರ್ ಆಂಡಿ ಸಮ್ಮರ್ಸ್, ಡ್ರಮ್ಸ್ ಸ್ಟೂವರ್ಟ್ ಕೋಪ್ಲೆಂಡ್. 1980ರ ಮಾರ್ಚಿನಲ್ಲಿ ಮುಂಬೈಗೂ ಬಂದು ಹಾಡಿಹೋಗಿದ್ದರು. ಈ ಕೋಪ್ಲೆಂಡ್ ಬ್ಯಾಂಡಿನ ಶುರುವಿನ ದಿನಗಳಲ್ಲೇ ಒಂದು ಸೂಪರ್ 8 ಕ್ಯಾಮೆರಾ ಕೊಂಡ. ಅದರ ಒಂದು ರೀಲು ಐವತ್ತೇ ಅಡಿ, ಮೂರು ನಿಮಿಷಕ್ಕೆಲ್ಲ ಮುಗಿದುಹೋಗುತ್ತದೆ. ಅಂಥ ರೀಲು ಹಾಕಿ ಹಾಕಿ, ವ್ಯಾನಿನಲ್ಲಿ ಕೂತು ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆಯುತ್ತಿದ್ದ ಮೂವರು ಲೋಕಪ್ರಸಿದ್ಧರಾಗುವವರೆಗೆ ಎಲ್ಲವನ್ನೂ ಹಿಡಿದ. ಹೋಟೆಲ್ ರೂಮು, ಕಾರಿನ ಗಾಜಿಗೆ ಮುಖ ಒತ್ತುವ ಅಭಿಮಾನಿಗಳು, ಸುಸ್ತಾಗಿ ಕೂತ ಸ್ಟಿಂಗ್. ಎಷ್ಟೋ ವರ್ಷ ಅದನ್ನೆಲ್ಲ ಇಟ್ಟುಕೊಂಡಿದ್ದು, ಆಮೇಲೆ ತಾನೇ ಕತ್ತರಿಸಿ ಜೋಡಿಸಿ 2006ರಲ್ಲಿ ಸಿನಿಮಾ ಮಾಡಿದ. ‘ಎವ್ರಿವನ್ ಸ್ಟೇರ್ಸ್’ ಅಂತ ಹೆಸರು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ನೋಡಿ, ತಾಳ ಹಿಡಿಯುವವನಿಗೆ ಕಾಣುವ ಲೋಕವೇ ಬೇರೆ. ಮುಂದಿನ ಸಾಲಿನ ಟಿಕೆಟ್ ತೆಗೆದುಕೊಂಡವರಿಗೂ ಕಾಣದ್ದು ಅವನಿಗೆ ಕಾಣುತ್ತದೆ. ಹಾಡುಗಾರ ಸಮ್‌ಗೆ ಬರುವ ಮೊದಲು ಭುಜ ಹೇಗೆ ಏರಿಸುತ್ತಾನೆ, ಉಸಿರು ಎಲ್ಲಿ ಕಡಿಮೆ ಬಿತ್ತು, ಇವತ್ತು ದನಿ ಕೈಕೊಡುತ್ತದಾ... ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತು. ಅವನ ಕೈಯಲ್ಲಿ ಕ್ಯಾಮೆರಾ ಬಂದರೆ ಅದೂ ಹಾಗೇ ನೋಡುತ್ತದೆ.

ಹೋದ ತಿಂಗಳು ಹಾರ್ಡ್‌ಡಿಸ್ಕ್ ಬ್ಯಾಗಿನಲ್ಲಿಟ್ಟುಕೊಂಡು ಸಿಂಧನೂರಿನಿಂದ ಬಸ್ ಹತ್ತಿದೆ. ಚಿಗವ್ವನನ್ನು ಕರೆದುಕೊಳ್ಳಲು ಮಸ್ಕಿಯಲ್ಲಿ ಇಳಿದೆ. ಅವಳು ರೆಡಿಯಾಗುವಷ್ಟರಲ್ಲಿ, ಎಷ್ಟೋ ವರ್ಷದ ಮೇಲೆ, ಅಶೋಕನ ಶಾಸನದ ಕಡೆ ಹೋಗಿಬಂದೆ. 1915ರಲ್ಲಿ ಬೀಡನ್ ಅನ್ನುವ ಗಣಿ ಇಂಜಿನಿಯರ್ ಕಂಡುಹಿಡಿದದ್ದು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಇತ್ತೇ ಹೊರತು ಅಶೋಕ ಅಂತ ಹೆಸರು ಇರಲಿಲ್ಲ. ನಮ್ಮ ಮಸ್ಕಿಯ ಬಂಡೆಯೇ ಮೊದಲು ಹೆಸರು ಹೇಳಿದ್ದು. ಶಾಲೆಯಲ್ಲಿ ಇದನ್ನು ಹೆಮ್ಮೆಯಿಂದ ಬಾಯಿಪಾಠ ಮಾಡಿದ್ದೆವು. ಆದರೆ ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಗೆ, ಬರೆದ ಲಿಪಿಕಾರ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ: ಚಪಡ ಅಂತ. ಚಕ್ರವರ್ತಿಯ ಮಾತು ಪೂರ್ತಿ ಬರೆದು ಮುಗಿಸಿ, ಕೊನೆಗೊಂದು ಚೂರು ಜಾಗದಲ್ಲಿ ತಾನು. ಬಿಸಿಲಿನಲ್ಲಿ ನಿಂತು ಆ ಚಪಡನನ್ನು ನೆನೆಸಿಕೊಂಡೆ. ಕಾಕಾನ ಬಗ್ಗೆ ಪೇಪರಿನಲ್ಲಿ ಬಂದದ್ದೆಲ್ಲ ಒಂದೇ ಸಾಲು: ‘ತಬಲಾ ಸಾಥ್ ಸಮರ್ಪಕವಾಗಿತ್ತು’. ಯಾರದು ಅಂತ ಇರುತ್ತಿರಲಿಲ್ಲ.

ಲಿಂಗಸುಗೂರಿನಲ್ಲಿ ರಾತ್ರಿ ಊಟ ಮುಗಿಸಿ ಮೂವರೂ ಟಿವಿ ಮುಂದೆ ಕೂತೆವು. ತಂಗಿ ಮಕ್ಕಳನ್ನು ಬೇಗ ಮಲಗಿಸಿದ್ದಳು.

ಬುವಾ ಬಂದರು. ಹೋಟೆಲ್ ರೂಮಿನಲ್ಲಿ ಕರೆಂಟ್ ಒಲೆಯ ಮೇಲೆ ಉಪ್ಪಿಟ್ಟು ತಿರುವುತ್ತ, ಬನಿಯನ್ ಮೇಲೆ. ತಮ್ಮ ಜುಬ್ಬಾ ತಾವೇ ಇಸ್ತ್ರಿ ಮಾಡುತ್ತ. ವ್ಯಾನಿನ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ. ಹಿಮ ಕಂಡು ಸಣ್ಣ ಹುಡುಗನ ಹಾಗೆ ಅಂಗೈ ಚಾಚಿ ನಿಂತದ್ದು. ಏರ್‌ಪೋರ್ಟಿನಲ್ಲಿ ಡಗ್ಗಾ ಬಿಚ್ಚಿ ನೋಡುತ್ತಿದ್ದ ಅಧಿಕಾರಿಗೆ “ಅದರಾಗ ಬರೇ ಗಾಳಿ ಐತ್ರಿ” ಅಂತ ಅಪ್ಪಟ ಕನ್ನಡದಲ್ಲಿ ಹೇಳಿದ್ದು! ನಕ್ಕೂ ನಕ್ಕೂ ಸಾಕಾಯಿತು.

ಒಂದು ಕಡೆ ರೂಮಿನ ಹೀಟರ್ ಕಾಣುತ್ತದೆ. ಹಿಂದಿನಿಂದ ಕಾಕಾನ ದನಿ: “ಈ ಸುಡುಗಾಡು ಬಿಸಿಗಾಳಿಗೆ ತೊಗಲು ಬಿಗದು ಸುರು ಏರತೈತ್ರಿ ಬುವಾ.” ಒಣಗಾಳಿಗೆ ಚರ್ಮ ಬಿಗಿಯುತ್ತದೆ, ಆಗ ಗಜರೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟಿ ಸುರು ಇಳಿಸಬೇಕು. ಸುತ್ತಿಗೆಯ ಟಕ್ ಟಕ್ ಕೇಳುತ್ತದೆ. ಕಾಕಾ ಕಾಣುವುದಿಲ್ಲ. ಕ್ಯಾಮೆರಾ ಎಲ್ಲೋ ಮೇಜಿನ ಮೇಲೆ ಕೂತು ಬುವಾ ಅವರನ್ನೇ ನೋಡುತ್ತಿದೆ.

ಐದನೇ ಕ್ಯಾಸೆಟ್ಟಿನ ಹೊತ್ತಿಗೆ ತಂಗಿ ನಗುವುದು ನಿಲ್ಲಿಸಿದಳು. ನನಗೂ ಅರ್ಥವಾಯಿತು. ಹಿಡಿದವನು ಕಾಕಾ. ಚಿತ್ರದಲ್ಲಿ ಅವನೆಲ್ಲಿ ಇರುತ್ತಾನೆ? ದನಿ ಇದೆ, ಕೆಮ್ಮು ಇದೆ, ಹಿಮದ ಮೇಲೆ ಬಿದ್ದ ನೆರಳಿದೆ. ಮುಖ ಇಲ್ಲ. ಕೋಪ್ಲೆಂಡ್ ಆದರೋ ಬದುಕಿದ್ದು, ಇಷ್ಟು ವರ್ಷದ ಮೇಲೆ ಕೂತು, ತನ್ನ ಸಿನಿಮಾಕ್ಕೆ ತಾನೇ ದನಿ ಕೊಟ್ಟು ಕಥೆ ಹೇಳಿದ. ನಮ್ಮ ಕಾಕಾನಿಗೆ ಕಟ್ಟೆಯ ಮೇಲೆ ಒಂದು ಕಣ್ಣು ಮುಚ್ಚಿ ನಗುವುದಷ್ಟೇ ಸಿಕ್ಕಿತು.

ಎಂಟನೇ ಕ್ಯಾಸೆಟ್. ಜರ್ಮನಿ ಇರಬೇಕು. ಗ್ರೀನ್ ರೂಮು. ಬುವಾ ತಂಬೂರಿ ಹಿಡಿದು ದನಿ ತೆಗೆಯುತ್ತಾರೆ, ಬರುವುದಿಲ್ಲ. ಮತ್ತೆ ತೆಗೆಯುತ್ತಾರೆ, ಒಡೆಯುತ್ತದೆ. ಮೂರನೇ ಸಲಕ್ಕೆ ತಂಬೂರಿ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಚಿಗವ್ವ “ಅಯ್ಯ ಶಿವನೇ” ಅಂದಳು. ಅಷ್ಟರಲ್ಲೇ ಚಿತ್ರ ನಿಂತಿತು. ಯಾರೂ ನಿಲ್ಲಿಸು ಅಂದಿರಲಿಲ್ಲ. ಕಾಕಾನೇ ನಿಲ್ಲಿಸಿದ್ದ. ಮುಂದಿನದು ಮರುದಿನದ ರೈಲು ಪ್ರಯಾಣ.

ನಾನು ಆ ಟೇಪು ಕೊಡಬೇಕಾ ಬೇಡವಾ ಅಂತ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ. ಬೆಂಗಳೂರಿನಲ್ಲೇ ಅದನ್ನು ನೋಡಿದ್ದೆನಲ್ಲ. ತಂಗಿ ಸರಳವಾಗಿ ಹೇಳಿದಳು: “ಎಷ್ಟು ತೋರಸಬೇಕು ಅನ್ನೋದು ಅಪ್ಪಗ ಅವತ್ತೇ ಗೊತ್ತಿತ್ತಣ್ಣ. ನಿಲ್ಲಸಿ ಬಿಟ್ಟಾನ. ಇನ್ನ ನಾವೇನು ಕತ್ತರಿ ಹಾಕೋದು?”

ಕೊನೆಯ ಕ್ಯಾಸೆಟ್ಟಿನಲ್ಲಿ, ಮೂರು ತಾಸು ಕಳೆದ ಮೇಲೆ, ಚಿತ್ರ ಒಮ್ಮೆಲೇ ಅಲುಗಾಡಿತು. ಕ್ಯಾಮೆರಾ ಕೈ ಬದಲಾಯಿಸಿತ್ತು. ಬುವಾ ಅವರ ದನಿ ಹತ್ತಿರದಿಂದ: “ಎಲ್ಲಿ ಒತ್ತಬೇಕಲೇ ಇದನ್ನ? ಕುಂದ್ರು, ನಿನ್ನದೂ ಒಂದು ಇರಲಿ.” ಪರದೆಯ ಅರ್ಧಕ್ಕೆ ಅವರ ಬೆರಳು ಅಡ್ಡ. ಉಳಿದ ಅರ್ಧದಲ್ಲಿ ಎರಡು ಕೈ, ಒಂದು ಸುತ್ತಿಗೆ, ಒಂದು ತಬಲಾ. ಕೈಗಡಿಯಾರವನ್ನು ಮೇಲಕ್ಕೆ ಸರಿಸಿ, ಬೆರಳು ಒಮ್ಮೆ ಝಾಡಿಸಿ, ಒಂದು ಸಣ್ಣ ತುಕಡಾ ನುಡಿಸಿದ. ತಲೆ ಬಿದ್ದಿಲ್ಲ, ಕುತ್ತಿಗೆಯವರೆಗೆ ಮಾತ್ರ. ಹನ್ನೆರಡು ಸೆಕೆಂಡು, ಅಷ್ಟೇ.

ತಂಗಿ ಅದನ್ನು ಎಷ್ಟು ಸಲ ಹಾಕಿ ನೋಡಿದಳೋ ಲೆಕ್ಕ ಇಡಲಿಲ್ಲ. ಚಿಗವ್ವ ಎದ್ದು ಟಿವಿ ಹತ್ತಿರ ಹೋಗಿ ನಿಂತು, “ಆ ಗಡಿಯಾರ ನಮ್ಮಪ್ಪ ಲಗ್ನದಾಗ ಕೊಟ್ಟಿದ್ದು” ಅಂದಳು. ಬಂಗಾರದ ಬಳೆಯ ಸಿಟ್ಟು ಅವತ್ತು ಪೂರ್ತಿ ಹೋಯಿತು ಅಂತ ಕಾಣುತ್ತೆ.

ಟೇಪಿನ ಪ್ರತಿ ಕೊಡುವುದು ಅಂತ ತೀರ್ಮಾನ ಆಗಿದೆ. ದುಡ್ಡು ಬೇಡ. ಒಂದೇ ಷರತ್ತು: ಪರದೆಯ ಮೇಲೆ ‘ಸಾಥಿದಾರರು’ ಅಂತ ಬೇಡ, ಕಾಕಾನ ಪೂರ್ತಿ ಹೆಸರು ಬರಬೇಕು, ಊರಿನ ಸಮೇತ. ಅವರು ಒಪ್ಪಿದ್ದಾರೆ, ಇನ್ನೂ ಕಾಗದದಲ್ಲಿ ಆಗಬೇಕು. ಇಷ್ಟೆಲ್ಲ ಬರೆದು ನಾನೂ ಹೆಸರು ಹೇಳಲಿಲ್ಲ ಅಂತ ನೀವು ಕೇಳಬಹುದು. ಮೊದಲು ಅಲ್ಲಿ ಬರಲಿ, ಆಮೇಲೆ ನೀ ಬರಿ ಅಂತ ತಂಗಿಯ ಆರ್ಡರ್ ಆಗಿದೆ. ಟೀಚರು, ಮೀರುವ ಹಾಗಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ‘ಖರಾಬ್ ಆಗ್ಯಾವ’ ಅಂತ ಬಿಟ್ಟ ಕ್ಯಾಸೆಟ್ ಇದ್ದರೆ, ದಯವಿಟ್ಟು ಎಸೆಯಬೇಡಿ. ಇನ್ನೊಬ್ಬರಿಗೆ ತೋರಿಸಿ. ತಡ ಮಾಡಬೇಡಿ, ಟೇಪು ನಮಗಾಗಿ ಕಾಯುವುದಿಲ್ಲ.